ಸತ್ತ ಎಮ್ಮೆಯ ಮಾಲೀಕ

ಸರ್ಕಾರವನ್ನು ಬೈಯಲು ಓದು ಬರಹ ಬೇಕಿಲ್ಲ. ಆದರೆ ಓದಿದವನು ಬೈದರೆ ಅದಕ್ಕೊಂದು ಕಳೆ ಬರುತ್ತದೆಂದು ನಂಬಿದವನು ನಾನು. ಲಿಂಗಸುಗೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ; ಪಾಠಕ್ಕಿಂತ ಬೈಗುಳವೇ ನನಗೆ ಚೆನ್ನಾಗಿ ಬರುತ್ತದೆಂಬುದು ಹೆಂಡತಿಯ ಅಭಿಪ್ರಾಯ. ಇಂಥ ನಾನು ಒಂದು ಎಮ್ಮೆಯ ಮಾಲೀಕನೂ ಆಗಿದ್ದೆ. ಹಾಗೆಂದು ಸಗಣಿ ಬಳಿದವನಲ್ಲ. ನಮ್ಮ ಕಡೆ ದನಗಳನ್ನು ಪಾಲಿಗೆ ಕೊಡುವ ಪದ್ಧತಿಯಿದೆ. ಎಮ್ಮೆ ನನ್ನದು, ಮೇವು ತರುವುದು, ಮೈ ತೊಳೆಯುವುದು, ಒದೆ ತಿನ್ನುವುದು ಸಂತೆಕಲ್ಲೂರಿನ ದೇವಮ್ಮನದು. ಅವಳು ಹಾಲು ಮಾರಿ ಸಂಸಾರ ನಡೆಸುತ್ತಿದ್ದಳು. ನನ್ನ ಪಾಲಿನ ಹಾಲು ಬೆಳಗಿನ ಟಂಟಂ ಆಟೋದಲ್ಲಿ ಮನೆಗೆ ಬರುತ್ತಿತ್ತು. ಅದರ ಚಹಾ ಕುಡಿಯುತ್ತ ಹೈನುಗಾರಿಕೆಯ ಕಷ್ಟಸುಖದ ಬಗ್ಗೆ ಸಹೋದ್ಯೋಗಿಗಳಿಗೆ ಉಪನ್ಯಾಸ ಕೊಡುತ್ತಿದ್ದೆ.

ಒಂದು ಸಂಜೆ ಸಿಡಿಲು ಬಡಿದು ಎಮ್ಮೆ ಸತ್ತಿತು. ಸರ್ಕಾರದ ತುರ್ತು ಪರಿಹಾರ ಬೇಕಾದರೆ ಪಂಚನಾಮೆ ಆಗಬೇಕು, ಸತ್ತ ದನದ ಪಕ್ಕದಲ್ಲಿ ಮಾಲೀಕ ನಿಂತ ಫೋಟೋ ಬೇಕು. ಮರುದಿನ ಇಸ್ತ್ರಿ ಅಂಗಿ ತೊಟ್ಟು ಹೋದೆ. ದೇವಮ್ಮ ಎಮ್ಮೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು.

"ಏನವ್ವಾ, ಸ್ವಲ್ಪ ಬಾಜೂಕ ಸರಿ. ಫೋಟೋದಾಗ ನೀ ಬರಾಕತ್ತಿ" ಎಂದರು ಫೋಟೋ ತೆಗೆಯಲು ಬಂದ ಸಾಹೇಬರು. ಅವಳು ಮೂಗೊರೆಸಿಕೊಂಡು ಸರಿದಳು. "ಸರ್, ನೀವು ಚೂರು ದುಃಖದಾಗ ನಿಂದರ್ರಿ" ಎಂದು ನನಗೆ ಅಪ್ಪಣೆಯಾಯಿತು. ಎಮ್ಮೆಯ ಕಿವಿಯ ಬಿಲ್ಲೆಯ ನಂಬರಿನೆದುರು ದಾಖಲಾಗಿದ್ದದ್ದು ನನ್ನ ಹೆಸರು. ಅತ್ತವಳ ಹೆಸರು ಯಾವ ಕಂಪ್ಯೂಟರಿಗೂ ಗೊತ್ತಿರಲಿಲ್ಲ. ಎಂಥ ದರಿದ್ರ ಕಾನೂನು ಎಂದು ಮನಸ್ಸಿನಲ್ಲೇ ಉಗಿದೆ. ಉಗಿಯುತ್ತಲೇ ಕಾಲರ್ ಸರಿಮಾಡಿಕೊಂಡೆ.

ಆಮೇಲೆ ಶುರುವಾಯಿತು ಮೆರವಣಿಗೆ. ಮಸ್ಕಿಯ ತಾಲೂಕು ಕಚೇರಿಗೆ ಹೋದರೆ ಫೈಲು ಲಿಂಗಸುಗೂರಿನಲ್ಲಿದೆ ಎಂದರು. ಲಿಂಗಸುಗೂರಿನಲ್ಲಿ ಕೇಳಿದರೆ, "ಅದು ಮಸ್ಕೀದು ಬಿಡ್ರೀ" ಎಂದರು. 'ತುರ್ತು' ಎಂಬ ಪದದ ಅರ್ಥವನ್ನು ಇವರು ಬಸವನಹುಳುವಿನ ಹತ್ತಿರ ಕೇಳಿ ಕಲಿತಿರಬೇಕು. ದೇವಮ್ಮ ಆಗಾಗ ಫೋನು ಮಾಡುತ್ತಿದ್ದಳು.

"ಸರ್, ಬ್ಯಾರೆ ಎಮ್ಮಿ ಯಾವಾಗ ತರೋಣ್ರೀ? ಹಾಲಿನ ಗಿರಾಕಿ ಎಲ್ಲ ಕೈ ಬಿಟ್ಟು ಹೊಂಟಾರ."

"ಪರಿಹಾರ ಬರ್ಲಿ ತಡಿ ದೇವಮ್ಮ. ಈ ಸರ್ಕಾರದವ್ರು ಅಂದ್ರ..." ಎಂದು ಆರಂಭಿಸಿ ಸರ್ಕಾರದ ಜನ್ಮ ಜಾಲಾಡುತ್ತಿದ್ದೆ. ಅವಳು ತುರ್ವಿಹಾಳದ ಕಡೆ ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದಾಳೆಂದು ಟಂಟಂನವನು ಹೇಳಿದಾಗ ನನ್ನ ಬೈಗುಳ ತಾರಕಕ್ಕೇರಿತು. ನನ್ನ ಸಂಬಳ ಮಾತ್ರ ತಪ್ಪದೆ ಬರುತ್ತಿತ್ತು. ಆ ದುಡ್ಡಿನಲ್ಲೂ ಎಮ್ಮೆ ಕೊಳ್ಳಬಹುದೆಂಬ ವಿಚಾರ ತಲೆಗೆ ಸುಳಿಯಲಿಲ್ಲ.

ಕೊನೆಗೊಮ್ಮೆ ಪರಿಹಾರ ನನ್ನ ಖಾತೆಗೆ ಬಂತು. ದೊಡ್ಡ ದಾನಿಯ ಠೀವಿಯಲ್ಲಿ ಸಂತೆಕಲ್ಲೂರಿಗೆ ಹೋದೆ. ದೇವಮ್ಮನ ಅಂಗಳದಲ್ಲಿ ಎಮ್ಮೆಯೊಂದು ಮೆಲುಕು ಹಾಕುತ್ತಿತ್ತು.

"ಯಾರದಿದು?"

"ನಂದರೀ. ಸಂಘದಾಗ ಸಾಲ ಎತ್ತಿ ತಂದೀನಿ."

"ಪರಿಹಾರ ಬಂದೈತಿ ದೇವಮ್ಮ! ಇನ್ನೊಂದು ತರ್ತೀನಿ, ನೀ ಪಾಲಿಗೆ ಸಾಕು."

"ಬ್ಯಾಡ್ರೀ ಸರ್" ಎಂದು ನಕ್ಕಳು. "ಸರ್ಕಾರ ತಡಾ ಮಾಡಿದ್ರೂ ನಿಮಗ ರೊಕ್ಕಾನಾದ್ರೂ ಕೊಟ್ಟೈತಿ. ನೀವು ನನಗ ಬರೇ ಬೈಗುಳ ಕೇಳಿಸಿದ್ರಿ. ಹಾಲು ಬೇಕಿದ್ರ ಹೇಳ್ರಿ, ಹೋಟೆಲಿನವ್ರಿಗೆ ಕೊಡೋ ರೇಟಿಗೆ ನಿಮಗೂ ಕೊಡ್ತೀನಿ."

ಮಾಲೀಕನಾಗಿ ಹೋದವನು ಗಿರಾಕಿಯಾಗಿ ಟಂಟಂ ಹತ್ತಿದೆ. ದಾರಿಯುದ್ದಕ್ಕೂ ಯಾರನ್ನಾದರೂ ಬೈಯಬೇಕೆಂದು ನಾಲಿಗೆ ತುರಿಸಿತು. ಸರ್ಕಾರದ ಮೇಲೆ ಮಾತ್ರ ಯಾಕೋ ಸಿಟ್ಟೇ ಬರಲಿಲ್ಲ.