ಹಾಲಿನ ಸಕ್ಕರೆಗೆ ಕದಲದ ಬ್ಯಾಕ್ಟೀರಿಯಾಗಳ ಮೇಲೆ ಶಿಸ್ತುಕ್ರಮ

ಸುತ್ತೋಲೆ ಸಂಖ್ಯೆ: ಸೂಕ್ಷ್ಮ/ಶಿಸ್ತು/೧೭

ವಿಷಯ: ಲ್ಯಾಕ್ಟೋಸ್ ಕೊಟ್ಟಾಗ ಜೀನ್‌ಗಳನ್ನು ಚಾಲೂ ಮಾಡುವ ಬಗ್ಗೆ.

ಉಲ್ಲೇಖ: ಸೋಮವಾರದ ಪ್ರಾತ್ಯಕ್ಷಿಕೆಯಲ್ಲಿ ಅತಿಥಿಗಳೆದುರು ನಿರ್ದೇಶಕರಿಗಾದ ಮುಜುಗರ.

ಬ್ಯಾಕ್ಟೀರಿಯಾಗಳಿಗೆ ಆಹಾರ ತಯಾರಿಸುವ ಕೊಠಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದಿರುವ ಅಕ್ಕನವರು ಸದ್ಯ ಶುಕ್ರವಾರದ ಮರುಪ್ರಾತ್ಯಕ್ಷಿಕೆಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ತೂಗುತ್ತಿದ್ದಾರೆ. ಅರ್ಧ ತೂಕದಲ್ಲೇ ಅವರ ಕೈಯ ಚಮಚ ಕೆಳಗಿಡಿಸಿ ಇದನ್ನು ಓದಿಸತಕ್ಕದ್ದು. ಸೋಮವಾರ ಲ್ಯಾಕ್ಟೋಸ್ ಕೊಟ್ಟರೂ, ಜೀನ್‌ಗಳು ಚಾಲೂ ಆದ ಗುರುತಾಗಿ ಹಳದಿಯಾಗಬೇಕಿದ್ದ ಬ್ಯಾಕ್ಟೀರಿಯಾ ಕೊಳವೆಗಳು ನೀರಿನಂತೆಯೇ ಉಳಿದ ಕಾರಣ, ಈ ಮೂಲಕ ಸೂಚಿಸಲಾಗಿದೆ:

೧. ಲ್ಯಾಕ್ಟೋಸ್ ಅರಗಿಸುವ ಜೀನ್‌ಗಳ ಮುಂದಿನ ಡಿಎನ್‌ಎ ತುಂಡಿನ ಮೇಲೆ ಅಡ್ಡ ಕುಳಿತಿರುವ ತಡೆ ಪ್ರೋಟೀನ್, ಲ್ಯಾಕ್ಟೋಸ್ ಬಂದ ಕೂಡಲೇ ಎದ್ದು ದಾರಿ ಬಿಡತಕ್ಕದ್ದು. ಎದ್ದ ಸಮಯವನ್ನು ಚಲನವಲನ ವಹಿಯಲ್ಲಿ ನಮೂದಿಸತಕ್ಕದ್ದು.

೨. ಜೀನ್ ನಕಲು ಮಾಡುವ ಕಿಣ್ವವನ್ನು ಕೈಹಿಡಿದು ಕರೆತರಬೇಕಾದ ಉತ್ತೇಜಕ ಪ್ರೋಟೀನ್, ಗ್ಲೂಕೋಸ್ ಇದ್ದಾಗ ಆ ಕಡೆ ಸುಳಿಯುವುದೇ ಇಲ್ಲವೆಂದು ಗಮನಕ್ಕೆ ಬಂದಿದೆ. ಇದನ್ನು ಅನಧಿಕೃತ ಗೈರುಹಾಜರಿ ಎಂದು ಪರಿಗಣಿಸಲಾಗುವುದು.

೩. ಬ್ಯಾಕ್ಟೀರಿಯಾಗಳು ಏಳು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುವುದರಿಂದ ಅಷ್ಟರಲ್ಲಿ ಐನೂರು ತಲೆಮಾರು ಕಳೆದಿರುತ್ತದೆಂಬ ನೆಪವನ್ನು ಒಪ್ಪಲಾಗದು. ವಾರಸುದಾರರು ಸಹಿ ಮಾಡತಕ್ಕದ್ದು. ಸಹಿ ಹಾಕುವಾಗಲೇ ಎರಡಾದಲ್ಲಿ, ತಲಾ ಅರ್ಧ ಸಹಿ ಸಾಕು.

೪. ವಿಚಾರಣೆಯಲ್ಲಿ ಅಕ್ಕನವರು, "ಸಾರ್, ಗ್ಲೂಕೋಸ್ ಬಾಯಿಗೇ ಬಂದು ಬೀಳ್ತಿರೋವಾಗ ಲ್ಯಾಕ್ಟೋಸ್ ಅರಗಿಸೋ ಉಸಾಬರಿ ಅವಕ್ಯಾಕೆ? ಅದು ಖಾಲಿಯಾಗೋವರೆಗೂ ಇದರ ಕಡೆ ತಿರುಗಿ ಕೂಡ ನೋಡಲ್ಲ. ನಮ್ಮ ಲ್ಯಾಕ್ಟೋಸ್ ಬಾಟಲಿಗೆ ಗ್ಲೂಕೋಸ್ ಸೇರ್ಕೊಂಡಿದೆ" ಎಂದಿದ್ದಾರೆ. ಎಲ್ಲಿಂದ ಎಂದು ಕೇಳಲಾಗಿ, ನಿರ್ದೇಶಕರ ಮೇಜಿನ ಕಡೆ ನೋಡಿದ್ದಾರೆ. ನೋಟವನ್ನು ಕಡತಕ್ಕೆ ಸೇರಿಸಲು ಅವಕಾಶವಿಲ್ಲ.

೫. ನಿರ್ದೇಶಕರು ದಿನಾ ಹನ್ನೊಂದಕ್ಕೆ ಸುಸ್ತಿಗೆಂದು ಗ್ಲೂಕೋಸ್ ನೀರು ಕುಡಿಯುವುದು, ಅದಕ್ಕೆ ಲ್ಯಾಕ್ಟೋಸ್ ಬಾಟಲಿಯ ಚಮಚ ಒಯ್ಯುವುದು, ಚಮಚದಲ್ಲಿ ಉಳಿದ ಗ್ಲೂಕೋಸ್ ಪುಡಿಯ ಸಮೇತ ಅದನ್ನು ಬಾಟಲಿಗೇ ಮರಳಿಸುವುದು, ಇವೆಲ್ಲ ವೈಯಕ್ತಿಕ ಆರೋಗ್ಯದ ವಿಷಯಗಳಾಗಿದ್ದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

೬. ಶುಕ್ರವಾರವೂ ಕೊಳವೆಗಳು ಹಳದಿಯಾಗದಿದ್ದಲ್ಲಿ ಅಕ್ಕನವರನ್ನು ಗಾಜಿನ ಸಾಮಾನು ತೊಳೆಯುವ ಕೊಠಡಿಗೆ ವರ್ಗಾಯಿಸಲಾಗುವುದು. ಬ್ಯಾಕ್ಟೀರಿಯಾಗಳನ್ನು ಕುದಿಯುವ ನೀರಿಗೆ ವರ್ಗಾಯಿಸಲಾಗುವುದು.

ಸಹಿ/-
ನಿರ್ದೇಶಕರ ಪರವಾಗಿ
(ನಿರ್ದೇಶಕರು ಗ್ಲೂಕೋಸ್ ನೀರು ಸೇವನೆಯಲ್ಲಿರುವುದರಿಂದ)

ಪ್ರತಿಗಳು:
೧. ತಡೆ ಪ್ರೋಟೀನಿಗೆ, ಕುಳಿತಲ್ಲಿಗೇ.
೨. ಉತ್ತೇಜಕ ಪ್ರೋಟೀನಿಗೆ, ಸಿಕ್ಕಲ್ಲಿ.
೩. ಬ್ಯಾಕ್ಟೀರಿಯಾಗಳಿಗೆ, ಹಾಗೂ ಈ ಸಾಲು ಓದುವಷ್ಟರಲ್ಲಿ ಹುಟ್ಟಿದವುಗಳಿಗೆ.
೪. ಅಕ್ಕನವರಿಗೆ, ಸ್ವೀಕೃತಿ ಸಹಿ ಪಡೆದು.
೫. ಕಚೇರಿ ಪ್ರತಿ.

ಕಚೇರಿ ಪ್ರತಿಯ ಮೇಲೆ ಶುಕ್ರವಾರ ಸಂಜೆಯ ಷರಾ: ಕೊಳವೆಗಳೆಲ್ಲ ಹಳದಿಯಾಗಿವೆ. ಸುತ್ತೋಲೆಯಿಂದ ಬ್ಯಾಕ್ಟೀರಿಯಾಗಳಲ್ಲಿ ಶಿಸ್ತು ಮೂಡಿದೆ ಎಂದು ದಾಖಲಿಸಲಾಗಿದೆ. ಹಳೆಯ ಲ್ಯಾಕ್ಟೋಸ್ ಬಾಟಲಿಯ ಜಾಗದಲ್ಲಿ ಹೊಸದೊಂದು ಬಂದಿದೆ. ನಿರ್ದೇಶಕರ ಗ್ಲೂಕೋಸ್ ಡಬ್ಬದೊಳಗೆ, ಯಾರದೋ ಮನೆಯ ಹೂಬಳ್ಳಿ ಹಿಡಿಕೆಯ ಚಮಚ ಕಂಡುಬಂದಿದ್ದು, ನಿರ್ದೇಶಕರು ಅದನ್ನು ತಮ್ಮದೆಂದೇ ಬಳಸುತ್ತಿದ್ದಾರೆ. ಈ ಬಗ್ಗೆ ಕೇಳಲಾಗಿ ಅಕ್ಕನವರು ನಕ್ಕಿದ್ದಾರೆ. ನಗುವನ್ನೂ ಕಡತಕ್ಕೆ ಸೇರಿಸಲು ಅವಕಾಶವಿಲ್ಲ.