ಪರದೆಯ ಹಿಂದೆ ಊದುವ ಕೆಲಸ

ಕೆಲಸಕ್ಕಿಂತ ಬೋರ್ಡು ದೊಡ್ಡದಾಗಿರುವಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಹದಿನೆಂಟು ವರ್ಷ ದುಡಿದ ವಿಡಿಯೋ ಗೇಮ್ ಕಂಪನಿಯ ಬೋರ್ಡು ಶಹಾಬಜಾರದ ಆ ಓಣಿಗಿಂತ ಅಗಲವಾಗಿತ್ತು. ಅದಕ್ಕೇ ಓರೆಯಾಗಿ ನೇತುಹಾಕಿದ್ದರು.

೧. ಹುದ್ದೆ

ಕಂಪನಿ ಅಂದರೆ ಎರಡು ಕೋಣೆ, ನಡುವೆ ಒಂದು ಹಸಿರು ಪರದೆ. ಹೈದರಾಬಾದಿನಿಂದ ಬಂದ ಸರ್ಕ್ಯೂಟನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ನಾಲ್ಕು ಸ್ಕ್ರೂ ಬಿಗಿದು, ಸ್ಟಿಕರ್ ಹಚ್ಚಿದರೆ ಟಿವಿಗೆ ಜೋಡಿಸುವ ಗೇಮ್ ತಯಾರು. ಮಾಲಕರದು ಪೂಜಾರಿಕೆಯ ಮನೆತನ. ಹಣೆಯ ಮೇಲೆ ಅಂಗಾರ, ಅಕ್ಷತೆ ಇಟ್ಟುಕೊಂಡೇ ಸ್ಕ್ರೂ ಬಿಗಿಯುತ್ತಿದ್ದರು. ಪ್ರತಿ ಸೆಟ್ಟನ್ನೂ ಅರ್ಧ ತಾಸು ಆಡಿ ನೋಡುವುದು ನನ್ನ ಕೆಲಸ.

ಇದರಿಂದ ನನ್ನ ಮದುವೆಗೇ ಕುತ್ತು ಬಂತು. ಹೆಣ್ಣಿನ ಕಡೆಯವರು "ಹುಡುಗ ಏನ್ ಮಾಡ್ತಾನ್ರಿ?" ಅಂದರೆ ಸುಳ್ಳು ಬಾರದ ನನ್ನ ತಾಯಿ "ಮುಂಜಾನಿಂದ ಸಂಜೀತನ ಆಟ ಆಡ್ತಾನ್ರಿ" ಅನ್ನುತ್ತಿದ್ದಳು. ಎರಡು ಸಂಬಂಧ ಅಲ್ಲಿಗೇ ಮುರಿದವು. ನನಗೆ ಮೂವತ್ತು ದಾಟಿತ್ತು, ನಿಜವಾಗಿಯೂ ಹೆದರಿಕೆಯಾಗತೊಡಗಿತ್ತು. ಮಾಲಕರು ಮರುಕಪಟ್ಟು ನನಗೆ 'ಚೀಫ್ ಇನ್‌ಸ್ಪೆಕ್ಟರ್' ಅಂತ ಗುರುತಿನ ಚೀಟಿ ಮಾಡಿಸಿಕೊಟ್ಟರು. ಮೂರನೆಯ ಸಂಬಂಧದವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮ ಕೈಕೆಳಗ ಎಷ್ಟು ಮಂದಿ ಅದಾರ?" ಎಂದು ಕೇಳಿದರು. ನನ್ನ ಕೈಕೆಳಗೆ ಎರಡು ಬಟನ್ ಇದ್ದವು.

೨. ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು

ಸೆಟ್ಟಿಗೆ ಸಿಕ್ಕಿಸುವ ನಮ್ಮ ಆಟದ ಕ್ಯಾಸೆಟ್ಟಿನ ಮೇಲೆ ೯೯೯೯ ಆಟ ಅಂತ ಅಚ್ಚಾಗಿರುತ್ತಿತ್ತು. ಒಳಗಿದ್ದದ್ದು ಐದು. ಅವೇ ಐದು ಬಣ್ಣ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು.

ಒಂದು ದಿನ ಮಹಾಗಾಂವದಿಂದ ಸಾಲಿ ಮಾಸ್ತರರೊಬ್ಬರು ಬಸ್ಸು ಹಿಡಿದು ಬಂದರು. ಕೈಯಲ್ಲಿ ನೋಟ್‌ಬುಕ್ಕು. ಮುನ್ನೂರ ಹನ್ನೆರಡು ಆಟ ವರಸೆಯಾಗಿ ಆಡಿ, ಒಂದೊಂದಕ್ಕೂ ಷರಾ ಬರೆದಿದ್ದರು. "ಒಂದನೇದು, ಆರನೇದು, ಹನ್ನೊಂದನೇದು ಒಂದೇ ಅವ. ಇದೇನ್ರಿ ಮೋಸ?" ಎಂದರು.

ಮಾಲಕರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಮಾಸ್ತರ, ನೀವು ವರ್ಷಾ ವರ್ಷಾ ಅದೇ ಪಾಠ ಹೇಳ್ತೀರಿಲ್ಲ? ಹುಡುಗರ ಅಂಗಿ ಬಣ್ಣ ಅಷ್ಟೇ ಬ್ಯಾರೆ."

ಮಾಸ್ತರರು "ಖರೇ ಅದ" ಎಂದು ನೋಟ್‌ಬುಕ್ ಮುಚ್ಚಿದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಆದ್ರೂ ಕಡೀದೊಂದು ಬ್ಯಾರೆ ಇರಬಹುದು. ರಿಟೈರ್ ಆಗೂದ್ರಾಗ ನೋಡೇ ಬಿಡ್ತೇನಿ."

೩. ವ್ಯಾಪಾರದ ಗುಟ್ಟು

ಕ್ಯಾಸೆಟ್ ಓಡದಿದ್ದರೆ ಬಾಯಿಂದ ಒಮ್ಮೆ ಊದಿದರೆ ಸಾಕು, ಧೂಳು ಹಾರಿ ಚಾಲೂ ಆಗುತ್ತಿತ್ತು. ನಮ್ಮ ರಿಪೇರಿ ವಿಭಾಗದ ವಿದ್ಯೆಯೆಲ್ಲ ಇಷ್ಟೇ. ಆದರೆ ಮಾಲಕರ ಕಟ್ಟಪ್ಪಣೆಯಿತ್ತು: "ಗಿರಾಕಿ ಮುಂದ ಊದಬ್ಯಾಡ. ಕಂಡ್ರ ಅವರೇ ಊದ್ಕೋತಾರ."

ಹೀಗಾಗಿ ನಾನು ಕ್ಯಾಸೆಟ್ ಹಿಡಿದು ಪರದೆಯ ಹಿಂದೆ ಹೋಗಿ, ಐದು ನಿಮಿಷ ಸುಮ್ಮನೆ ಟೇಬಲ್ಲಿಗೆ ಸ್ಕ್ರೂಡ್ರೈವರ್ ಬಡಿದು, ಕಡೆಗೆ ಒಮ್ಮೆ ಊದಿ, ಬೆವರು ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದೆ. ಒಮ್ಮೆ ಗಿರಾಕಿಯೊಬ್ಬ ನಮ್ಮೆದುರೇ ಊದಿಕೊಂಡುಬಿಟ್ಟ, ಆಟ ಚಾಲೂ ಆಯಿತು. ಮಾಲಕರು ನೊಂದ ದನಿಯಲ್ಲಿ, "ನೀವೇ ಊದಿದ್ರಿ? ವಾರಂಟಿ ಹೋತು ನೋಡ್ರಿ" ಎಂದರು.

೪. ಕಮಲಾಪುರದವರು

ನಾಲ್ಕನೆಯ ಸಂಬಂಧ ಕಮಲಾಪುರದ್ದು. ಹುಡುಗಿಯ ತಂದೆ ಕೆಂಪು ಬಾಳೆಯ ತೋಟದವರು. ಹೇಳದೆ ಕೇಳದೆ ಒಂದು ಗೊನೆ ಹೆಗಲ ಮೇಲಿಟ್ಟುಕೊಂಡು ನನ್ನ ನೌಕರಿ ನೋಡಲು ಬಂದೇಬಿಟ್ಟರು. ನಾನು ಪರದೆಯ ಹಿಂದೆ ಕಣ್ಣು ಮುಚ್ಚಿ ಊದುತ್ತಿದ್ದೆ. ಅವರು ಸಂದಿಯಿಂದ ನೋಡಿದರು. ನಾನು ಕೊಟ್ಟ ಕ್ಯಾಸೆಟ್ಟು ಟಿವಿಯಲ್ಲಿ ಕುಣಿಯತೊಡಗಿದ್ದನ್ನೂ ನೋಡಿದರು. ಗೊನೆ ಇಟ್ಟು ಕೈಮುಗಿದು ಹೋದರು. ಇದೂ ಮುರಿಯಿತು ಅಂದುಕೊಂಡೆ.

ಮರುದಿನವೇ ಒಪ್ಪಿಗೆ ಬಂತು. ಕಾರಣ ತಿಳಿದದ್ದು ಮದುವೆಯಾದ ಮೇಲೆ. ನಮ್ಮ ಕಡೆ ಕೂಸಿಗೆ ಜ್ವರ ಬಂದರೆ ಮಂತ್ರ ಬಲ್ಲ ಹಿರಿಯರ ಹತ್ತಿರ ಒಯ್ದು ಊದಿಸಿಕೊಂಡು ಬರುತ್ತಾರೆ. ಮಾವನವರು ಊರತುಂಬ ಹೇಳಿದ್ದರಂತೆ: "ಹೊರಗ ಆಟದ ಬೋರ್ಡ್ ಹಾಕ್ಯಾರ, ಒಳಗ ಗುಪ್ತಾಗಿ ಕುಂತು ಊದ್ತಾನ. ಸತ್ತದ್ದು ಎದ್ದು ಬರ್ತದ."

೫. ಊದಿದ ಪಂಪ್‌ಸೆಟ್ಟು

ಅಳಿಯನಾಗಿ ಮೊದಲ ಸಲ ಕಮಲಾಪುರಕ್ಕೆ ಹೋದಾಗ ಅಂಗಳದಲ್ಲಿ ಹತ್ತಿಪ್ಪತ್ತು ಮಂದಿ ಸೇರಿದ್ದರು. ಮಾವನವರು ನನ್ನನ್ನು ನೇರ ತೋಟಕ್ಕೆ ಕರೆದೊಯ್ದರು.

"ನಾಕ್ ದಿನಾತು, ಪಂಪ್ ಎದ್ದಿಲ್ಲ. ಮುಂಜಾನಿ ಎದ್ದು ಒತ್ತಿ ಒತ್ತಿ ಸಾಕಾಗೇದ. ಬಾಳಿ ಒಣಗಾಕತ್ತಾವ. ಒಮ್ಮಿ ಊದ್ರಿ."

ಬಲ್ಬು ಉರಿಯುತ್ತಿತ್ತು, ಕರೆಂಟಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಊದಿ ಚಾಲೂ ಆಗದಿದ್ದರೆ ನಾನು ಮತ್ತೆ ಬರೀ ಆಟ ಆಡುವವನು, ಅದೂ ಮಾವನ ಊರಲ್ಲಿ.

ಆಗ ನನ್ನ ಹೆಂಡತಿ ಚಹಾ ತಂದಳು. "ಬರಿ ಹೊಟ್ಟೀಲಿ ಊದಬಾರದು" ಎಂದಳು. ಕುಡಿದೆ. ಚುರುಮುರಿಯ ಸುಸಲಾ ತಂದಳು, ತಿಂದೆ. ಮತ್ತೆ ಚಹಾ. ಜನ ಭಕ್ತಿಯಿಂದ ಕಾಯುತ್ತಿದ್ದರು. ಮೂರನೆಯ ಚಹಾ ಮುಗಿದ ಮೇಲೆ ಕಪ್ಪು-ಬಸಿ ತೆಗೆದುಕೊಳ್ಳಲು ಬಗ್ಗಿದವಳು ಮೆಲ್ಲಗೆ, "ಈಗ ಊದ್ರಿ" ಎಂದಳು.

ಕಣ್ಣು ಮುಚ್ಚಿ ಸ್ಟಾರ್ಟರಿಗೆ ಊದಿ ಹಸಿರು ಬಟನ್ ಒತ್ತಿದೆ. ಪಂಪು ಗುರ್ರೆಂದಿತು, ನೀರು ಧುಮುಕಿತು. ಮಾವನವರು ಕಣ್ಣೊರೆಸಿಕೊಂಡರು. ಒಬ್ಬ ಅಜ್ಜಿ ಹಾಲು ಕೊಡದ ಎಮ್ಮೆ ತರಲು ಮನೆಗೆ ಓಡಿದಳು. ಎಮ್ಮೆ ಬರುವಷ್ಟರಲ್ಲಿ ನಾವು ಬಸ್ ಹತ್ತಿದೆವು.

ಬಸ್ಸಿನಲ್ಲಿ ನನಗೇ ನನ್ನ ಬಗ್ಗೆ ಗೌರವ ಹುಟ್ಟಿತ್ತು. "ಖರೇನೇ ನನ್ನ ಉಸಿರಿನ್ಯಾಗ ಏನೋ ಅದ ಅನಸ್ತದ" ಎಂದೆ.

ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ಈ ವಾರದಿಂದ ಪಂಪಿನ ತ್ರೀ ಫೇಸ್ ಕರೆಂಟ್ ಮುಂಜಾನಿ ಬಿಟ್ಟು ಮಧ್ಯಾಹ್ನ ಎರಡಕ್ಕ ಕೊಡ್ತಾರ್ರಿ, ಬಲ್ಬಿಗೆ ಅದು ಬೇಕಿಲ್ಲ. ಲೈನ್‌ಮನ್ ಹೆಂಡ್ತಿ ಹೇಳಿದ್ಳು. ಅದಕ್ಕ ಮೂರು ಸಲ ಚಹಾ."

"ಮತ್ತ ನಿಮ್ಮ ಅಪ್ಪಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಮಾನ ಎಲ್ಲಿ ಉಳೀತಿತ್ತು?"

ನಾನು ಕೇಳಿದೆ: "ಅಂದ್ರ ನಿನಗ ಮೊದಲಿಂದ ನನ್ನ ಮ್ಯಾಲ ನಂಬಿಕಿ ಇರಲಿಲ್ಲ?"

"ಸೋದರಮಾವನ ಮನ್ಯಾಗ ನಿಮ್ಮ ಕಂಪನೀದೇ ಗೇಮ್ ಇತ್ರಿ. ಪ್ರತಿ ದಸರಾ ಸೂಟ್ಯಾಗ ನಾನೇ ಊದ್ತಿದ್ದೆ." ಮತ್ತೆ ಸೇರಿಸಿದಳು: "ನೀವು ಭಾಳ ಜೋರ್ ಊದ್ತೀರಿ. ಉಗುಳು ಬೀಳ್ತದ."