ಕಂಡಕ್ಟರ್ ಮಾವ ಫೋನ್ ಎತ್ತಿದ್ದು

ನಮ್ಮ ಸೋದರಮಾವನಂಥ ಅವಸರದ ಮನುಷ್ಯ ಸಕಲೇಶಪುರ ತಾಲ್ಲೂಕಿನಲ್ಲೇ ಇನ್ನೊಬ್ಬನಿರಲಿಲ್ಲ. ಯಸಳೂರು ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವನು. ತನ್ನ ಮದುವೆಯಲ್ಲೇ ಮಂತ್ರ ಹೇಳುತ್ತಿದ್ದ ಅಯ್ಯನವರಿಗೆ ಬೇಗ ಮುಗಿಸಿ ಎಂದಿದ್ದನಂತೆ! ಇಂಥವನು ನಿವೃತ್ತನಾದ ಮೇಲೆ, ಮನನೊಂದವರ ಮಾತು ಕೇಳುವ ಸಹಾಯವಾಣಿ ಸಂಸ್ಥೆಗೆ ಸೇರುತ್ತೇನೆಂದು ಹೊರಟರೆ ನಗದೆ ಇರುವುದು ಹೇಗೆ? ಆಗಷ್ಟೇ ಮನೆಮನೆಗೂ ಫೋನ್ ಬರುತ್ತಿದ್ದ ಕಾಲ. ಆ ಸಂಸ್ಥೆಯಲ್ಲಿ ನಾನೂ ವಾರಕ್ಕೆರಡು ದಿನ ಫೋನ್ ಎತ್ತುತ್ತಿದ್ದೆ.

ತರಬೇತಿಯಲ್ಲಿ ಮೇಡಂ ಒಬ್ಬರು ದುಃಖದಲ್ಲಿರುವವಳಂತೆ ನಟಿಸುತ್ತ, ತನಗೆ ಯಾರೂ ಇಲ್ಲವೆಂದು ಶುರುಮಾಡಿದರು. ಮಾವ ಒಂದು ನಿಮಿಷ ಸಹಿಸಿಕೊಂಡು, "ಸರಿ, ಮುಂದಕ್ಕೆ ಹೋಗಮ್ಮ" ಎಂದ. ಫೇಲು! ಎರಡನೆಯ ಸಲ ಅವರು ಗಂಡನ ಕಾಟ ಹೇಳಿಕೊಂಡರು. ಸಲಹೆ ಕೊಡಬಾರದೆಂದು ಮೊದಲೇ ಹೇಳಿದ್ದರೂ, ಅಂಥ ಗಂಡನನ್ನು ಬಾಳ್ಳುಪೇಟೆ ಸ್ಟಾಪಿನಲ್ಲೇ ಇಳಿಸಿಬಿಡಿ ಎಂದುಬಿಟ್ಟ.

ಆದರೂ ಅವನು ಬಿಡಲಿಲ್ಲ. ಮನೆಯಲ್ಲೇ ಅಭ್ಯಾಸಕ್ಕೆ ಕೂತ. ಅತ್ತೆ ಅವರೆಕಾಯಿ ಸುಲಿಯುತ್ತ ಗಂಟೆಗಟ್ಟಲೆ ಮಾತಾಡಿದರೂ ನಡುವೆ ಬಾಯಿ ಹಾಕದೆ, "ಹೂಂ, ಆಮೇಲೆ?" ಎನ್ನುತ್ತಿದ್ದ. ಮೂರನೇ ದಿನ ಅತ್ತೆ ಗಾಬರಿಯಿಂದ ನನಗೆ ಫೋನ್ ಮಾಡಿದರು. "ನಿಮ್ಮ ಮಾವಂಗೆ ಏನೋ ಆಗೈತೆ ಕಣೋ. ನಾನು ಹೇಳಿದ್ದೆಲ್ಲ ಕೇಳ್ತಾ ಕೂತವ್ರೆ. ಡಾಕ್ಟ್ರಿಗೆ ತೋರ್ಸು."

ಮೂರನೆಯ ಸಲ ಮಾವ ಪಾಸಾದ.

ಒಂದು ಮಧ್ಯಾಹ್ನ ಅವನಿಗೊಂದು ಕರೆ ಬಂತು. ನಾನು ಪಕ್ಕದ ಮೇಜಿನಲ್ಲಿದ್ದೆ. ಆ ಕಡೆಯಿಂದ ಮಾತೇ ಇಲ್ಲ, ಬರೀ ಅಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಮಾವ ಕದಲಲಿಲ್ಲ.

"ನಾನು ಇಲ್ಲೇ ಇದೀನಿ ಕಣವ್ವ. ನಿಧಾನಕ್ಕೆ ಹೇಳು."

ನಿಧಾನ ಎಂಬ ಪದವನ್ನು ಆ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವಳು ಮೆಲ್ಲಗೆ ಮಾತಾಡತೊಡಗಿರಬೇಕು; ಮಾವ ರಿಸೀವರನ್ನು ಕಿವಿಗೆ ಒತ್ತಿಕೊಂಡ. ಬದುಕೋದೇ ಬೇಡ ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿದ. ಉತ್ತರ ಕೇಳಿ ಕಣ್ಣು ಮುಚ್ಚಿದ. ಆಮೇಲೆ, ಈಗ ಯಾರು ಜೊತೆಗಿದ್ದರೆ ಸಮಾಧಾನ ಎಂದು ಕೇಳಿದ. ಅಕ್ಕ ಎಂದಳಂತೆ. ಅಕ್ಕನಿಗೆ ಈಗಲೇ ಫೋನ್ ಮಾಡಿ ಬರಹೇಳಲು ಒಪ್ಪಿಸಿದ.

"ಅಕ್ಕ ಬಂದ ತಕ್ಷಣ ನಂಗೊಂದು ಫೋನ್ ಮಾಡು. ಕಾಯ್ತಿರ್ತೀನಿ."

ನಾಲ್ಕಕ್ಕೆ ಅವನ ಪಾಳಿ ಮುಗಿಯಿತು. ಅವನು ಏಳಲಿಲ್ಲ. ಮುಂದಿನ ಪಾಳಿಯವರು ಬಂದರೂ ಕುರ್ಚಿ ಬಿಡಲಿಲ್ಲ. ಕಾಫಿ ತಂದಿಟ್ಟರೂ ಮುಟ್ಟಲಿಲ್ಲ. ಎರಡು ಸಲ ಫೋನ್ ಬಡಿದುಕೊಂಡಿತು, ಎರಡೂ ಬೇರೆಯವರದು. ಮೂರನೆಯದು ಬಂದಾಗ ಆರು ದಾಟಿತ್ತು. ಮಾವ ಕೇಳಿಸಿಕೊಂಡ, ಸರಿ ಎಂದ, ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟ.

"ಅವ್ಳ ಅಕ್ಕ ಬಂದ್ಳು ಕಣೋ," ಎಂದವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ನಾನು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತೆ.